ಗೋಡೆ ನೋಡಿಕೊಂಡು ಅಮ್ಮ ಆರಿಸಿದ ವಜ್ರ

ಸೇಲ್ಸ್‌ನವರು ಟ್ರೇಯಲ್ಲಿ ವಜ್ರ ಇಟ್ಟು "ನೋಡಿ ಆಂಟಿ" ಅಂದರು. ಅಮ್ಮ ಮುಖ ತಿರುಗಿಸಿ ಗೋಡೆ ನೋಡತೊಡಗಿದಳು.

ಪಾಪ, ಅವರಿಗೆ ಗಲಿಬಿಲಿ. ಕಲ್ಲು ಇಷ್ಟವಾಗಲಿಲ್ಲ ಅಂದುಕೊಂಡು ಇನ್ನೊಂದನ್ನು ತೆಗೆಯಲು ಹೊರಟರು. ಅಮ್ಮ ನೋಡುವುದೇ ಹಾಗೆ ಅಂತ ನಾನು ವಿವರಿಸಬೇಕಾಯಿತು...

ಅಮ್ಮನ ಎರಡೂ ಕಣ್ಣಲ್ಲಿ ನಡುಭಾಗದ ನೋಟ ಹೋಗಿದೆ, ಅಂಚಿನದ್ದು ಮಾತ್ರ ಉಳಿದಿದೆ. ನೇರವಾಗಿ ನೋಡಿದರೆ ಬರೀ ಬೂದು ಮಚ್ಚೆ. ಪಕ್ಕಕ್ಕೆ ತಿರುಗಿದರೆ ಅಷ್ಟಿಷ್ಟು ಕಾಣುತ್ತದೆ.

ಅಡುಗೆ, ಪೂಜೆ, ಟೆರೇಸ್ ಮೇಲೆ ಬಟ್ಟೆ ಒಣಹಾಕುವುದು, ಎಲ್ಲವನ್ನೂ ಹೇಗೋ ಸಂಭಾಳಿಸುತ್ತಾಳೆ. ಮುಖಗಳು ಮಾತ್ರ ಕಾಣುವುದಿಲ್ಲ. ನಾನು ಆಫೀಸಿಂದ ಬಂದು ಬಾಗಿಲಲ್ಲಿ ನಿಂತರೆ "ಯಾರು?" ಅಂತಾಳೆ, ಕೊರಿಯರ್‌ನವರನ್ನು ಕೇಳಿದ ಹಾಗೆ. ಪ್ರತಿ ಸಲವೂ "ನಾನೇ ಅಮ್ಮಾ" ಅನ್ನಬೇಕು.

ಇಂಥ ಅಮ್ಮ ಒಂದು ದಿನ ಇದ್ದಕ್ಕಿದ್ದಂತೆ, ನಿನಗೊಂದು ವಜ್ರದ ಮೂಗುಬೊಟ್ಟು ಕೊಡಿಸ್ತೀನಿ, ಕಲ್ಲು ನಾನೇ ಆರಿಸ್ತೀನಿ ಅಂತ ಹಠ ಹಿಡಿದಳು.

"ಅಕ್ಕನಿಗೆ ಏನು ಕಾಣುತ್ತೆ ಅಂತ..." ಎಂದು ಚಿಕ್ಕಮ್ಮ ರಾಗ ಎಳೆದರು. ನಿಜ ಹೇಳಬೇಕೆಂದರೆ, ಆ ಮಾತಿಗೆ ಸಿಟ್ಟು ಬಂದೇ ನಾನು ಅಮ್ಮನನ್ನು ಹೊರಡಿಸಿದ್ದು. ತಿಲಕ್ ನಗರದಿಂದ ಆಟೋ ಹತ್ತಿ ಜಯನಗರ ಫೋರ್ತ್ ಬ್ಲಾಕ್‌ಗೆ ಬಂದೆವು.

ನನ್ನದೂ ಒಂದು ಹಠ ಇತ್ತು. ಮಕ್ಕಳನ್ನು ಇಳಿಸಿ ದುಡಿಸುವ ಗಣಿಗಳ ಬಗ್ಗೆ, ವಜ್ರದ ದುಡ್ಡಲ್ಲಿ ನಡೆಯುವ ಯುದ್ಧಗಳ ಬಗ್ಗೆ ಓದಿದ್ದೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕಲ್ಲು ನನ್ನ ಮೂಗಿಗೆ ಬೇಡವೇ ಬೇಡ.

ಅಮ್ಮ ಮೊದಲು ಮಾಡಿದ್ದೇ ಅಂಗಡಿಯ ಲೈಟಿಗೆ ತಕರಾರು. "ಈ ಲೈಟಲ್ಲಿ ಗಾಜಿನ ಚೂರೂ ಹೊಳೆಯುತ್ತೆ, ಬಾಗಿಲ ಹತ್ರ ತನ್ನಿ" ಅಂದಳು.

ಹಗಲು ಬೆಳಕಲ್ಲಿ ಅವರು ಒಂದೊಂದೇ ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಅಮ್ಮ ಗೋಡೆ ನೋಡುತ್ತಲೇ ಕೂತಿದ್ದಳು. ನಾನು ಕಣ್ಣು ಹಾಕಿದ್ದ ದೊಡ್ಡ ಕಲ್ಲು ಬಂದಾಗ ಉಸಿರೇ ಎತ್ತಲಿಲ್ಲ. ಅದಕ್ಕಿಂತ ಚಿಕ್ಕದೊಂದು ಬಂದಾಗ "ಹಾ! ಇದು ಮಿಂಚ್ತು ನೋಡು" ಅಂದಳು.

ಸೇಲ್ಸ್‌ನವರು ಚೀಟಿ ತಿರುಗಿಸಿ ನೋಡಿ, ಮತ್ತೆ ಅಮ್ಮನನ್ನು ನೋಡಿದರು. ತೋರಿಸಿದ ಮೂರು ಕಲ್ಲಲ್ಲಿ ಕಟ್, ಅಂದರೆ ಬೆಳಕು ಹೊಳೆಯುವಂತೆ ಕತ್ತರಿಸಿದ ರೀತಿ, ಚೆನ್ನಾಗಿರುವುದು ಅದರದ್ದೇ ಅಂತೆ. ದೊಡ್ಡದರಲ್ಲಿ ತೂಕ ಉಳಿಸಲು ಹೋಗಿ ಕಟ್ ಕೆಡಿಸಿದ್ದಾರಂತೆ.

ಎರಡು ಕಣ್ಣು ಬಿಟ್ಟುಕೊಂಡು ನೋಡಿದ ನನಗೆ ಒಂದು ವ್ಯತ್ಯಾಸವೂ ತಿಳಿದಿರಲಿಲ್ಲ!

ಆಮೇಲೆ ನನ್ನ ಪ್ರಶ್ನೆ ಕೇಳಿದೆ. ಇದು ಯಾವ ಗಣಿಯದ್ದು? ಅವರು ಸರ್ಟಿಫಿಕೇಟ್ ಕೊಟ್ಟರು. ತೂಕ, ಬಣ್ಣ, ಕಟ್ ಎಲ್ಲಾ ಇದೆ. ಎಲ್ಲಿ ಅಗೆದರು, ಯಾರು ಅಗೆದರು ಅನ್ನುವುದು ಇಲ್ಲ. ಅವರಿಗೂ ಗೊತ್ತಿರಲಿಲ್ಲ.

ಸರ್ಟಿಫಿಕೇಟನ್ನು ವಾಪಸ್ ಕೊಟ್ಟೆ. ಅಮ್ಮನ ಮುಖದಲ್ಲಿ ಅಂಥ ಖುಷಿ ನೋಡಿ ಎಷ್ಟು ದಿನವಾಗಿತ್ತು... ಹೋಗಲಿ, ಇದೊಂದು ಸಲ ನನ್ನ ಹಠ ಬಿಟ್ಟುಬಿಡೋಣ ಅಂದುಕೊಂಡೆ.

"ಯಾಕೆ ಸುಮ್ನಾದೆ?" ಅಂದಳು ಅಮ್ಮ. ಹೇಳಿದೆ. ಅವಳು ಟ್ರೇಯನ್ನು ಕೈಯಿಂದ ಆಚೆ ಸರಿಸಿದಳು. "ಯಾರದೋ ಮಗು ಗುಂಡಿಗಿಳಿದು ಅಗೆದಿದ್ದೋ ಏನೋ, ನಮಗೆ ಬೇಡ. ನಡಿ, ಇನ್ನೊಂದ್ ಅಂಗಡಿ ನೋಡೋಣ."

ಜೆ.ಪಿ. ನಗರದ ಅಂಗಡಿಯಲ್ಲಿ ಇದ್ದದ್ದು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ. ಇದಕ್ಕೆ ಅಮ್ಮ ಖಂಡಿತ ಮೂಗು ಮುರಿಯುತ್ತಾಳೆ ಅಂದುಕೊಂಡಿದ್ದೆ.

"ಬೆಳೆಸೋದು ಅಂದ್ರೆ? ಬೀಜ ಹಾಕಿನಾ?" ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ಕೌಂಟರ್‌ನಲ್ಲಿದ್ದ ಮೇಡಂ ನಗಲಿಲ್ಲ. "ಹೌದು ಆಂಟಿ, ವಜ್ರದ್ದೇ ತೆಳ್ಳಗಿನ ಚೂರು ಇಡ್ತಾರೆ, ಅದನ್ನ ಬೀಜ ಅಂತಾನೇ ಕರೆಯೋದು. ಬಿಸಿ ಗ್ಯಾಸ್ ಒಳಗೆ ಕೆಲವು ವಾರದಲ್ಲಿ ಬೆಳೆಯುತ್ತೆ" ಅಂದರು.

ಈಗ ಬಾಯಿ ಬಿಟ್ಟುಕೊಂಡು ಕೂತವಳು ನಾನು. ಭೂಮಿಯೊಳಗೆ ಕೋಟ್ಯಂತರ ವರ್ಷ ಆಗುವ ಕೆಲಸ, ಮೆಂತ್ಯ ಸೊಪ್ಪಿನ ಹಾಗೆ ವಾರಗಳಲ್ಲಿ! ಗಣಿಯ ಕಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಯಂತ್ರ ಇಲ್ಲದೆ ಬರೀ ಕಣ್ಣಲ್ಲಿ ನೋಡಿ ತಮಗೂ ಹೇಳೋಕಾಗಲ್ಲ ಅಂದರು ಅವರು. ಸೂರತ್‌ನ ಯಾವ ಫ್ಯಾಕ್ಟರಿಯಲ್ಲಿ ಬೆಳೆಸಿದ್ದು, ಎಲ್ಲಿ ಕಟ್ ಮಾಡಿದ್ದು ಅಂತಲೂ ತೋರಿಸಿದರು.

ಯಾರೂ ಗುಂಡಿಗೆ ಇಳಿಯಬೇಕಿಲ್ಲ ಅಂತ ಅಮ್ಮನಿಗೆ ಸಮಾಧಾನ. ಆದರೆ ಈ ಸಲ ಟ್ರೇಯ ಕಡೆ ತಲೆಯನ್ನೇ ಹಾಕಲಿಲ್ಲ. ನನ್ನನ್ನು ಬಾಗಿಲಿಗೆ ಕಳಿಸಿದಳು. ಒಂದೊಂದೇ ಕಲ್ಲನ್ನು ಮೂಗಿನ ಪಕ್ಕ ಹಿಡಿದುಕೊಂಡು, ಮಾತಾಡದೆ ಒಳಗೆ ನಡೆದು ಬರಬೇಕಂತೆ.

ಅಂಗಡಿ ತುಂಬ ಜನ. ಇಕ್ಕಳವನ್ನು ಮೂಗಿಗೆ ಹಿಡಿದು ನಾನು ಹೋಗೋದು, ಬರೋದು... ಅಮ್ಮ ಬೇರೆಲ್ಲೋ ನೋಡುತ್ತಾ ಕೂತಿದ್ದಾಳೆ. ಕೆಲವರು ನಗುತ್ತಿದ್ದಾರೆ. ನನಗೆ ನಾಚಿಕೆ, ಒಳಗೊಳಗೇ ಸಿಟ್ಟು.

ಬೇಡ. ಇದೂ ಬೇಡ. ಇದು ಪರವಾಗಿಲ್ಲ, ಇನ್ನೊಂದು ನೋಡೋಣ.

ಮುಂದಿನದನ್ನು ಹಿಡಿದು ಎರಡು ಹೆಜ್ಜೆ ಇಟ್ಟಿದ್ದೇನೆ ಅಷ್ಟೇ. ಅಮ್ಮ ಗೋಡೆಯ ಕಡೆಗೇ ಮುಖ ಮಾಡಿಕೊಂಡು ನಕ್ಕಳು.

"ಇದೇ ಇರಲಿ ಪುಟ್ಟಿ. ಇದರಲ್ಲಿ ನೀನು ಬಂದಿದ್ದು ಗೊತ್ತಾಗುತ್ತೆ."

ಅಮ್ಮ ಇಷ್ಟು ಹೊತ್ತು ಹುಡುಕುತ್ತಿದ್ದದ್ದು ನನ್ನನ್ನು ಅಂತ ಆಗಲೇ ಹೊಳೆದದ್ದು. ಅಷ್ಟು ಜನರ ಮುಂದೆ ಗೊಳೋ ಅಂತ ಅತ್ತುಬಿಟ್ಟೆ. ಕೌಂಟರ್‌ನ ಮೇಡಂ ನೀರು ತಂದುಕೊಟ್ಟು ತಾವೂ ಕಣ್ಣೊರೆಸಿಕೊಂಡರು.

ನಿನ್ನೆ ಸಂಜೆ ಆ ಕಲ್ಲಿನ ಮೂಗುಬೊಟ್ಟು ಹಾಕಿಕೊಂಡು ಮನೆಗೆ ಬಂದು, ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಹಾಲ್‌ಗೆ ಕಾಲಿಟ್ಟೆ. ಕಿಟಕಿಗೆ ಮುಖ ಮಾಡಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ, ತಲೆ ತಿರುಗಿಸದೆಯೇ "ಬಂದ್ಯಾ ಪುಟ್ಟಿ? ಕೈಕಾಲು ತೊಳ್ಕೊ, ಕಾಫಿ ಮಾಡ್ತೀನಿ" ಅಂದಳು.

ಇಷ್ಟೇ ಇಷ್ಟು ಕಲ್ಲಿನಲ್ಲಿ ಅಷ್ಟೊಂದು ಬೆಳಕು ಹೇಗೆ ಹಿಡಿಸುತ್ತೆ, ಗೊತ್ತಿದ್ದವರು ಯಾರಾದರೂ ಹೇಳ್ತೀರಾ?