ಪತ್ತಾಯಕ್ಕೆ ತೂಗಿದ ಗಡಿಯಾರ

ಹಿಡಿದ ಕೆಲಸ ಮುಗಿಸದೆ ಊಟಕ್ಕೆ ಏಳದ ಜಾತಿ ನನ್ನದು. ಇದೊಂದು ಗುಣವೆಂದು ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಬೋಧಿಸಿದೆ. ರೋಗವೆಂದು ತಿಳಿದದ್ದು ನಿವೃತ್ತನಾಗಿ ಕೊಕ್ಕರ್ಣೆಯ ಅಕ್ಕನ ಮನೆಯಲ್ಲಿ ನೆಲೆಸಿದ ಮೇಲೆ, ಅಲ್ಲಿನ ಗಡಿಯಾರದ ಗಂಟಲು ಕಟ್ಟಿದಾಗ.

ಅದು ಅಜ್ಜನ ಕಾಲದ್ದು. ಭತ್ತ ತುಂಬಿಡುವ ಹಲಸಿನ ಹಲಗೆಯ ಪತ್ತಾಯಕ್ಕೆ ಮೊಳೆ ಹೊಡೆದು ತೂಗಿಹಾಕಿದ್ದರು. ಗಂಟೆಗೆ ಗಂಟೆಯಷ್ಟು, ಅರ್ಧಕ್ಕೆ ಒಂದೇ ಪೆಟ್ಟು. ಬೆಳಿಗ್ಗೆ ಆರೂವರೆಯ ಆ ಒಂದು 'ಢಣ್' ಹಟ್ಟಿಯಲ್ಲಿ ಹಾಲು ಕರೆಯುವ ಅಕ್ಕನಿಗೆ ಕೇಳಿದರೆ ಅವಳು ಕ್ಯಾನು ಹಿಡಿದು ಹೊರಡುತ್ತಿದ್ದಳು. ಏಳಕ್ಕೆ ಡೇರಿ ಬಾಗಿಲು ಹಾಕುತ್ತದೆ. ಕೈಗಡಿಯಾರದ ಮುಳ್ಳು ಅವಳ ಕಣ್ಣಿಗೆ ಕಾಣುವುದಿಲ್ಲ. ದೀಪಾವಳಿ ಕಳೆದ ವಾರ 'ಢಣ್' ಹೋಗಿ 'ಡಪ್' ಆಯಿತು. ಎರಡು ದಿನ ಹಾಲು ಹಾಗೆಯೇ ಮನೆಗೆ ವಾಪಸು ಬಂತು.

ನಾನು ಸ್ಕ್ರೂಡ್ರೈವರ್ ತೆಗೆದೆ. ಗಂಟೆ ಹೊಡೆಯುವ ಪುಟ್ಟ ಸುತ್ತಿಗೆಯ ತುದಿಯ ಚರ್ಮ ಗಟ್ಟಿಯಾಗಿತ್ತು, ಹಳೆಯ ಚಪ್ಪಲಿಯಿಂದ ಹೊಸದು ಕತ್ತರಿಸಿ ಅಂಟಿಸಿದೆ. ಸುತ್ತಿಗೆ ತಾನು ಬಡಿಯುವ ತಂತಿಯ ಸುರುಳಿಗೇ ಒರಗಿಕೊಂಡಂತೆ ಕಂಡಿತು, ಕೂದಲೆಳೆಯಷ್ಟು ಬಗ್ಗಿಸಿದೆ. ಸುರುಳಿಯ ಬುಡ ಬಿಗಿ ಮಾಡಿದೆ. ಬೆಂಚಿನ ಮೇಲಿಟ್ಟರೆ ದೇವಸ್ಥಾನದ ಗಂಟೆ. ಮೊಳೆಗೆ ತೂಗಿದರೆ ಮತ್ತೆ 'ಡಪ್'. ಇಳಿಸಿದೆ, ಹತ್ತಿಸಿದೆ, ಮತ್ತೆ ಇಳಿಸಿದೆ. ಮೊಳೆಯನ್ನೇ ಬದಲಿಸಿದೆ.

"ಹ್ವಾಯ್ ಮಾಷ್ಟ್ರೇ, ಉಂಬುಕೆ ಬಾ. ಇಳ್ಸಿ ಹತ್ಸಿ ಮೊಳೆಯೇ ಸವ್ದ್ ಹೋಯ್ತ್" ಎಂದಳು ಅಕ್ಕ.

ಮೂರನೆಯ ಬೆಳಿಗ್ಗೆ ಆರು ಗಂಟೆಗೇ ಕುಳಿತೆ. ಆರೂವರೆ ಆದದ್ದು ಗಡಿಯಾರವನ್ನೇ ಮಡಿಲಲ್ಲಿಟ್ಟುಕೊಂಡ ನನಗೂ ತಿಳಿಯಲಿಲ್ಲ. ಆವತ್ತೂ ಹಾಲು ವಾಪಸು.

ಅಕ್ಕ ಬೈಯಲಿಲ್ಲ. ಪತ್ತಾಯದ ಹಲಗೆಗೆ ಬೆರಳ ಗೆಣ್ಣಿನಿಂದ ಬಡಿದಳು: 'ಡಪ್'.

"ಗಡಿಯಾರಕ್ಕೆ ಎಂತದೂ ಆಯ್ಲಿಲ್ಲ ಮಾರಾಯ. ಆರ್ ವರ್ಷ ಗದ್ದೆ ಹಡಿಲ್ ಬಿದ್ದಿತ್ತ್, ಪತ್ತಾಯ ಖಾಲಿ ಇತ್ತ್. ಈಗ ತುಂಬಿತ್, ಕಾಣ್."

ಹೌದಲ್ಲ. ಆಳು ಸಿಗದೆ ಬಿಟ್ಟಿದ್ದ ಗದ್ದೆಯನ್ನು, ಕೊಯ್ಲಿನ ಯಂತ್ರ ಊರಿಗೆ ಬಂತೆಂದು ಈ ಸಲ ಮತ್ತೆ ಬೇಸಾಯ ಮಾಡಿಸಿದ್ದೆವು. ಮೂಟೆ ಎಣಿಸಿ ಒಳಗೆ ಸುರಿಸಿದವನು ನಾನೇ. ವೀಣೆಯಲ್ಲಿ ಹಾಡುವುದು ತಂತಿಯೊಂದೇ ಅಲ್ಲ, ಹಲಸಿನ ಮರದ ಪೊಳ್ಳು ಕೊಡವೂ ಎಂದು ಮಕ್ಕಳಿಗೆ ಪಾಠ ಹೇಳಿದವನೂ ನಾನೇ. ಬಂದ ನೆಂಟರಿಗೆಲ್ಲ ಹೊಗಳಿ ಕೇಳಿಸುತ್ತಿದ್ದ ಆ ಗಂಭೀರ ನಾದ ನಮ್ಮ ಮನೆಯಲ್ಲಿ ಭತ್ತವಿಲ್ಲ ಎಂಬ ಡಂಗುರವಾಗಿತ್ತು.

ಕಂಬಕ್ಕೆ ತೂಗುತ್ತೇನೆ ಎಂದು ಮತ್ತೆ ಎದ್ದೆ.

"ಬ್ಯಾಡ. ಅಲ್ಲೇ ಇರ್ಲಿ. ಢಣ್ ಅಂಬುಕೆ ಶುರು ಆದ್ರೆ ಭತ್ತ ಮುಗೀತಾ ಬಂತ್ ಅಂದೇಳಿ ಗೊತ್ತಾತ್ತ್."

"ಮತ್ತೆ ಹಾಲ್?"

"ನೀ ಇದ್ಯಲ್ದಾ."

ಅಂದಿನಿಂದ ಬೆಳಿಗ್ಗೆ ಆರೂವರೆಗೆ ಹಟ್ಟಿಯ ಬಾಗಿಲಲ್ಲಿ ನಿಂತು ಒಂದೇ ಸಲ "ಆರೂವರೆ" ಎನ್ನುತ್ತೇನೆ. ಹಾಲು ಒಂದು ದಿನವೂ ವಾಪಸು ಬಂದಿಲ್ಲ. ಆದರೂ ನೆಮ್ಮದಿಯಿಲ್ಲ. ಆಷಾಢದ ಹೊತ್ತಿಗೆ ಗಡಿಯಾರದ ದನಿ ಮೆಲ್ಲಗೆ ತೆರೆದುಕೊಳ್ಳತೊಡಗಿತು. ಈಗ ಊಟಕ್ಕೆ ಕುಳಿತಾಗ ಅದು ಚೆನ್ನಾಗಿ ಹೊಡೆದರೆ, ಒಂದು ಹಿಡಿ ಅನ್ನ ಕಡಿಮೆ ಹಾಕಿಸಿಕೊಳ್ಳುತ್ತೇನೆ.