ಕಾಲು ಇದ್ದಷ್ಟು ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕವೆಲ್ಲ ಹೇಳುತ್ತದೆ. ಬಾಲಂಗೋಚಿಯ ಅಜ್ಜನಿಗೆ ಮಾತ್ರ ಆ ಗಾದೆ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. "ಹಾಸಿಗೆ ಹೊಲಿಯೋನ ಮುಂದೆ ಬಂದು ಇಂಥ ಮಾತಾಡ್ತೀರಲ್ಲ! ಕಾಲು ಇದ್ದಷ್ಟು ಹಾಸಿಗೆ ಹೊಲಿದ್ರೆ ಆಯ್ತಪ್ಪ!" ಹೇಳಿ ಸುಮ್ಮನಿದ್ದಿದ್ದರೆ ಬೇರೆ ವಿಷಯ. ಆ ಮಹಾನುಭಾವರು ಹೊಲಿದೂ ಬಿಟ್ಟರು. ಅವರು ತೀರಿಕೊಂಡ ಮರುವರ್ಷ, ಬಾಡಿಗೆ ಮನೆ ಖಾಲಿ ಮಾಡುವ ದಿನ, ಮನೆಮಂದಿಯೆಲ್ಲ ಅದರ ಫಲ ಅನುಭವಿಸಬೇಕಾಯಿತು.

ಅಜ್ಜನ ಅಂಗಡಿ ಪೇಟೆಯ ಮೂಲೆಯಲ್ಲಿತ್ತು. ಅವರ ಹುಬ್ಬು, ಮೀಸೆ, ಕಿವಿ, ಎಲ್ಲೆಲ್ಲೂ ಹತ್ತಿ. ಅವರು ಮನೆಗೆ ಬಂದು ಒಂದು ಸೀನು ಸೀನಿದರೆ ಸಾಕು, ಅಜ್ಜಿ ಅಡುಗೆಮನೆಯಿಂದಲೇ ಪಾತ್ರೆಗಳಿಗೆ ಮುಚ್ಚಳ ಹಾಕುತ್ತಿದ್ದರು. ಮದುವೆಯಾದ ಹೊಸದರಲ್ಲಿ ತಮ್ಮಿಬ್ಬರಿಗಾಗಿ ಒಂದು ಹಾಸಿಗೆ ಹೊಲಿದು ದೊಡ್ಡ ಕೋಣೆಯ ನಡುವೆ ಹಾಸಿದರಂತೆ. ಮೊದಲ ಮಗು ಮನೆಗೆ ಬಂದ ದಿನ ಅಂಗಡಿಗೆ ಬೀಗ ಹಾಕಿ, ಗಿರಾಕಿಗಳಿಂದ ಬೈಸಿಕೊಂಡು, ಮಗುವಿಗೊಂದು ತುಂಡು ಹೊಲಿದು ಆ ಹಾಸಿಗೆಗೇ ಸೇರಿಸಿದರು. ಎರಡನೆಯದು ಬಂತು, ಇನ್ನೊಂದು ಪಕ್ಕಕ್ಕೆ ಇನ್ನೊಂದು ತುಂಡು. ಸೊಸೆಯಂದಿರು ಬಂದರು, ಅಳಿಯ ಬಂದರು, ಮೊಮ್ಮಕ್ಕಳು ಉದುರಿದರು. ಮದುವೆಯಾದವರಿಗೆ ಬೇರೆ ಕೋಣೆ ಇದ್ದೇ ಇತ್ತು, ಆದರೂ ತುಂಡು ತಪ್ಪಲಿಲ್ಲ. ರಜೆಯ ಮಧ್ಯಾಹ್ನ ಊಟವಾಯಿತೋ, ಹಿರಿಯರು ಕಿರಿಯರು ಎನ್ನದೆ ಎಲ್ಲರೂ ಅದರ ಮೇಲೆ ಉರುಳಲೇಬೇಕು. ಜಗಳವಾಡಿದವರಿಗಂತೂ ಅಕ್ಕಪಕ್ಕದ ಜಾಗ ಖಾಯಂ. "ಎದ್ದ ಮೇಲೆ ಜಗಳ ಮುಂದುವರಿಸಿ, ಯಾರು ಬೇಡ ಅಂದ್ರು?" ಎನ್ನುತ್ತಿದ್ದರು ಅಜ್ಜ. ಎದ್ದಾಗ ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆಯ ಮೇಲಿರುತ್ತಿತ್ತು. ಜಗಳ ಯಾವುದಕ್ಕೆ ಎನ್ನುವುದು ಯಾರಿಗೆ ನೆನಪಿರಬೇಕು?

ಕೊನೆಯ ಮೊಮ್ಮಗಳು ಹುಟ್ಟುವ ಹೊತ್ತಿಗೆ ಹಾಸಿಗೆ ಎರಡೂ ಗೋಡೆ ಮುಟ್ಟಿತ್ತು. ಅಜ್ಜ ಸೂಜಿ ಹಿಡಿದು ತಲೆ ಕೆರೆದುಕೊಂಡರು. ಕೊನೆಗೆ ಅವಳ ತುಂಡನ್ನು ಅಡ್ಡಕ್ಕೆ, ಎಲ್ಲರ ಕಾಲ ಬುಡಕ್ಕೆ ಹೊಲಿದರು. ಗಾಳಿಪಟಕ್ಕೆ ಬಾಲ ಕಟ್ಟಿದ ಹಾಗೆ ಕಂಡಿತು, ಬಾಲಂಗೋಚಿ ಎಂಬ ಹೆಸರು ಅಂದೇ ಅಂಟಿತು. ಪಾಪ, ಮನೆಯವರೆಲ್ಲರ ಒದೆ ತಿಂದೇ ಅವಳು ಬೆಳೆದಳು.

"ಅಲ್ಲಾ ರೀ, ಬಾಗಿಲು ನೋಡಿದ್ರಾ?" ಎಂದು ಅಜ್ಜಿ ಅಂದೇ ಕೇಳಿದ್ದರು. ಅಜ್ಜ ಬಾಗಿಲು ನೋಡಿದರು, ಹಾಸಿಗೆ ನೋಡಿದರು. "ಬಾಗಿಲು ಚಿಕ್ಕದಾಯ್ತು ಕಣೇ," ಎಂದು ಮತ್ತೆ ಸೂಜಿ ಕೈಗೆತ್ತಿಕೊಂಡರು.

ಈಗ ಆ ಮನೆಯನ್ನು ಮಾಲೀಕರು ಕೆಡವುತ್ತಾರೆ. ದೊಡ್ಡಪ್ಪನದೊಂದು ಮನೆ, ಅತ್ತೆಯದೊಂದು, ಬಾಲಂಗೋಚಿಯದೊಂದು. ಅಜ್ಜಿ ಬಾಲಂಗೋಚಿಯ ಜೊತೆ. ಪಾತ್ರೆ, ಕಪಾಟು, ಮಂಚ ಎಲ್ಲ ಲಾರಿ ಹತ್ತಿದವು. ಹಾಸಿಗೆ ಮಾತ್ರ ಅಲ್ಲಾಡಲಿಲ್ಲ.

"ಕತ್ತರಿಸಿ ಹಂಚ್ಕೊಳ್ಳೋಣ," ಎಂದರು ದೊಡ್ಡಪ್ಪ.

"ಕತ್ತರಿಸೋ ಮಾತೇ ಇಲ್ಲ!" ಬಾಲಂಗೋಚಿ ಕೂಗಿದಳು. ಅವಳು ಕಾರು ಕಲಿಸುವ ಶಾಲೆಯಲ್ಲಿ ಪಾಠ ಹೇಳುವವಳು, ಮೆಲ್ಲಗೆ ಮಾತಾಡುವ ಅಭ್ಯಾಸ ತಪ್ಪಿ ಎಷ್ಟೋ ಕಾಲವಾಗಿತ್ತು. ಆದರೆ ಒಳಗೊಳಗೇ ಅವಳಿಗೆ ಅಳುಕು. ಮನೆ ಹೋಗಲಿ, ಇಟ್ಟಿಗೆ ಗಾರೆ. ಮೂರು ಕಡೆ ಚದುರುತ್ತಿರುವ ಈ ಜನ ಒಂದೇ ಮನೆಯವರು ಎನ್ನಲು ಉಳಿದದ್ದು ಅದೊಂದೇ. ಅದಕ್ಕೂ ಕತ್ತರಿ ಬಿದ್ದರೆ ಅಜ್ಜ ಇನ್ನೊಮ್ಮೆ ಸತ್ತಂತೆ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಸರಿ, ಸುತ್ತೋಣ ಎಂದಾಯಿತು. ಎಲ್ಲರೂ ಸೇರಿ ಒಂದು ತುದಿಯಿಂದ ಉಸಿರು ಬಿಗಿಹಿಡಿದು ಸುತ್ತುತ್ತ ಬಂದರು. ಹಗ್ಗ ಕಟ್ಟುವಷ್ಟರಲ್ಲಿ ಹಾಸಿಗೆ ಧಡಾರನೆ ಬಿಚ್ಚಿಕೊಂಡಿತು. ದೊಡ್ಡಪ್ಪ ಕಾಣೆ!

"ಅಯ್ಯೋ, ಅಣ್ಣ ಎಲ್ಲಿ?" ಎಂದರು ಅತ್ತೆ.

"ಇಲ್ಲೇ ಇದೀನಿ, ಎಳೀರೇ!" ಹಾಸಿಗೆಯ ಅಡಿಯಿಂದ ದನಿ ಬಂತು.

ಎರಡನೆಯ ಸಲ ಸುತ್ತಿ, ಕಟ್ಟಿ, ಬಾಗಿಲಿಗೆ ನುಗ್ಗಿಸಿದರು. ಅರ್ಧ ಹೋಯಿತು. ಇನ್ನರ್ಧ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಒಳಗೆ, ದೊಡ್ಡಪ್ಪ ಹೊರಗೆ, ನಡುವೆ ಹಾಸಿಗೆ. "ರಿವರ್ಸ್! ರಿವರ್ಸ್ ತಗೊಳ್ಳಿ! ಸ್ವಲ್ಪ ಎಡಕ್ಕೆ! ಎಡಕ್ಕೆ ಅಂದ್ರೆ ನಿಮ್ಮ ಎಡ ಅಲ್ಲ!" ಎಂದು ಬಾಲಂಗೋಚಿ ಕಿರುಚಿದಳು. ಕೆಳಗೆ ಲಾರಿಯವನು ಹಾರನ್ ಒತ್ತಿದ. ಅತ್ತೆಗೆ ನಗು ಶುರುವಾಯಿತು. ಅವರು ನಕ್ಕರೆ ಕೈಯಲ್ಲಿ ಬಲ ಇರುವುದಿಲ್ಲ. ಅವರು ಬಿಟ್ಟರು, ದೊಡ್ಡಪ್ಪ ಹಾಸಿಗೆಯ ಸಮೇತ ಕೋಣೆಯೊಳಕ್ಕೇ ಮುಗ್ಗರಿಸಿದರು, ಆಮೇಲೆ ಅವರಿಗೂ ನಗು. ಅಜ್ಜಿ ಕಿಟಕಿಯ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ನಗು ಮುಗಿಸಿ ದೊಡ್ಡಪ್ಪ ಅಜ್ಜನ ಉದ್ದನೆಯ ಕತ್ತರಿ ತಂದರು. "ಇನ್ನು ಆಗಲ್ಲ ಮಗಾ. ಲಾರಿಯವನು ಹೊರಟೇ ಹೋಗ್ತಾನೆ."

ಬಾಲಂಗೋಚಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ಮೊದಲು ನನ್ನ ಕತ್ತರಿಸಿ."

ಆಗ ಅಜ್ಜಿ ಎದ್ದರು. "ಹಗ್ಗ ಬಿಚ್ಚಿ, ಹಾಸಿ," ಎಂದರು. ಹಾಸಿದರು. ಅಜ್ಜಿ ಬಾಲಂಗೋಚಿಯ ತುಂಡಿನ ಅಂಚಿನಲ್ಲಿ ಬೆರಳಾಡಿಸಿ ಒಂದು ದಾರದ ತುದಿ ಹಿಡಿದು ಅವಳ ಕೈಗೆ ಕೊಟ್ಟರು. "ಎಳಿ."

ಎಳೆದಳು. ದಾರ ಸರ್ರನೆ, ತಡೆಯೇ ಇಲ್ಲದೆ ಬಂತು. ತುಂಡು ಇಡಿಯಾಗಿ ಕಳಚಿಕೊಂಡಿತು. ಎಲ್ಲೂ ಹರಿಯಲಿಲ್ಲ, ಒಂದು ಎಳೆ ಹತ್ತಿಯೂ ಉದುರಲಿಲ್ಲ.

"ಎಲ್ಲಾನೂ ಹಾಗೇ ಹೊಲಿದಿದಾರೆ," ಎಂದರು ಅಜ್ಜಿ. "ಮಕ್ಕಳು ದೊಡ್ಡೋರಾಗ್ತಾರೆ, ಹೋಗ್ತಾರೆ. ಹೋಗೋವಾಗ ಕತ್ತರಿ ಹಾಕೋ ಹಾಗಾಗಬಾರದು, ಎಳೆದ್ರೆ ಬರಬೇಕು ಅಂತಿದ್ರು."

"ಅಮ್ಮಾ! ಮೊದಲೇ ಹೇಳೋಕೆ ಏನಾಗಿತ್ತು?" ದೊಡ್ಡಪ್ಪ ಸೊಂಟ ಹಿಡಿದುಕೊಂಡು ಕೇಳಿದರು.

"ನನ್ನನ್ನ ಯಾರಾದ್ರೂ ಕೇಳಿದ್ರಾ? ಅಲ್ದೆ, ಅವರು ಹೋದ ಮೇಲೆ ನೀವೆಲ್ಲ ಹೀಗೆ ನಕ್ಕಿದ್ದು ಇವತ್ತೇ. ನಾನ್ಯಾಕೆ ನಿಲ್ಲಿಸಲಿ?"

ಆಮೇಲೆ ನೋಡಬೇಕಿತ್ತು ಗಲಾಟೆ! ನನ್ನ ದಾರ ಎಲ್ಲಿ, ನಿನ್ನ ದಾರ ಎಲ್ಲಿ ಎಂದು ಎಲ್ಲರೂ ಮಂಡಿಯೂರಿ ಹುಡುಕಿದರು. ಸರ್ರ್, ಸರ್ರ್ ಎಂದು ತುಂಡುಗಳು ಬೇರೆಯಾದವು. ದೊಡ್ಡಪ್ಪ ತಮ್ಮದನ್ನು ಮಗುವಿನ ಹಾಗೆ ತಬ್ಬಿಕೊಂಡು ಮೆಟ್ಟಿಲಿಳಿದರು. ನಡುವಿನದೊಂದೇ ಉಳಿಯಿತು. ಅಜ್ಜನದೂ ಅಜ್ಜಿಯದೂ. ಬಾಲಂಗೋಚಿ ಅದರ ನಡುವೆ ಬೆರಳಾಡಿಸಿದಳು.

"ಅಲ್ಲಿ ಹುಡುಕಬೇಡ," ಎಂದರು ಅಜ್ಜಿ. "ಅದು ಒಂದೇ ತುಂಡು."

ಸಂಜೆ ಹೊಸ ಮನೆಯಲ್ಲಿ ಅದನ್ನು ಹಾಸಿದಾಗ ಅಜ್ಜಿ ತಮ್ಮ ಅರ್ಧದಲ್ಲಿ ಮಲಗಿ ನೋಡಿದರು. ಆಚೆಯ ಅರ್ಧ ಖಾಲಿ. ಬಾಲಂಗೋಚಿ ಅಭ್ಯಾಸಬಲದಿಂದ ತನ್ನ ತುಂಡನ್ನು ತಂದು ಕಾಲ ಬುಡಕ್ಕೆ ಅಡ್ಡ ಹಾಕಿದಳು.

"ಥೂ, ಅಲ್ಲಿ ಯಾಕೆ? ಒದೆಯೋಕೆ ಈಗ ಯಾರಿದಾರೆ? ಈ ಕಡೆ ತಾ, ನಿಮ್ಮಜ್ಜನ ಪಕ್ಕಕ್ಕೆ."

ಅಜ್ಜಿಯೇ ಎದ್ದು ಕೂತು, ಕಣ್ಣು ಕಿರಿದು ಮಾಡಿಕೊಂಡು, ಸೂಜಿಗೆ ದಾರ ಪೋಣಿಸಿ ಕೊಟ್ಟರು. ಬಾಲಂಗೋಚಿ ಅಜ್ಜನ ಅಂಚಿಗೆ ತನ್ನ ಅಂಚನ್ನು ಕೂಡಿಸಿ ಹೊಲಿಯತೊಡಗಿದಳು. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟ ಸೊಟ್ಟ ಬಂತು. ಅವಳು ಹಾಗೇ ನಗುತ್ತಲೂ ಇದ್ದಳು.

"ಸಡಿಲ ಹಾಕು," ಎಂದರು ಅಜ್ಜಿ. "ಎಳೆದ್ರೆ ಬರಬೇಕು."

"ಬರಲ್ಲ ಬಿಡು ಅಜ್ಜಿ," ಎಂದು ಬಾಲಂಗೋಚಿ ದಾರ ಬಿಗಿದು ಗಂಟು ಹಾಕಿದಳು.