ಅಮ್ಮಿಯ ಲೋಬಾನ್

ಕೆಲವು ವರ್ಷಗಳ ಹಿಂದೆ ನನಗೆ ನ್ಯುಮೋನಿಯಾ ಬಂದು ಹೋಯಿತು. ಹೋಯಿತು ಅಂತ ಡಾಕ್ಟರು ಹೇಳುತ್ತಾರೆ, ನನ್ನ ಎದೆ ಇನ್ನೂ ಒಪ್ಪಿಲ್ಲ. ಧೂಳು, ಹೊಗೆ, ಒಗ್ಗರಣೆಯ ಘಾಟು, ಯಾವುದಾದರೂ ಸಾಕು, ಮೊದಲು ಸಾಲುಸಾಲು ಸೀನು, ಆಮೇಲೆ ಎದೆ ಬಿಗಿತ. ಹರಿಹರದ ನನ್ನ ಮನೆಯಲ್ಲಿ ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪು ಸದಾ ಕೈಚೀಲದಲ್ಲಿರುತ್ತದೆ. ಹೇಗೋ ನಡೆಯುತ್ತದೆ.

ನಡೆಯದೇ ಹೋದದ್ದು ದಾವಣಗೆರೆಯ ತವರಿನಲ್ಲಿ. ಅಮ್ಮಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಭತ್ತದ ಹೊಟ್ಟು ಉರಿಸಿದ ಹೊಗೆ ಅವಳ ಕೂದಲಿಗೇ ಇಳಿದಿತ್ತು. ಸಾಲದ್ದಕ್ಕೆ ಗುರುವಾರ ಸಂಜೆ ಕೆಂಡದ ಮೇಲೆ ಲೋಬಾನ್ ಹಾಕಿ ಮನೆಯ ಮೂಲೆಮೂಲೆಗೂ ಹೊಗೆ ಹಿಡಿಯಬೇಕು. ಕಾಯಿಲೆಯಿಂದ ಎದ್ದು ಸುಧಾರಿಸಿಕೊಳ್ಳಲು ತವರಿಗೆ ಬಂದಾಗ, ದೃಷ್ಟಿ ತಾಗಿದೆ ಎಂದು ನನ್ನ ತಲೆಯ ಸುತ್ತಲೂ ಹಿಡಿದಳು. ನಾನು ಕೆಮ್ಮಿದೆ. ದೃಷ್ಟಿ ಜೋರಾಗಿದೆ ಎಂದು ಇನ್ನೊಂದು ಚಿಟಿಕೆ ಹಾಕಿದಳು. ಕೊನೆಗೆ ತಂಗಿ ಆಟೋ ಕರೆದುಕೊಂಡು ಬಂದಳು.

ಹೊಗೆಯೇ ತಾಗಬಾರದು ಎಂದು ಡಾಕ್ಟರು ಹೇಳಿದಾಗ ಅಮ್ಮಿ ತಲೆ ತಗ್ಗಿಸಿ ನಿಂತಿದ್ದಳು. ಅವತ್ತೇ ಕೆಂಡ ಹಾಕುವ ಲೋಬಾನ್‌ದಾನಿ ಬೀರುವಿನ ಮೇಲೇರಿತು. ನಾನು ಬರುವ ದಿನ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಬಾಗಿಲ ಹತ್ತಿರ ಕೂರುತ್ತಿದ್ದಳು.

“ಇಲ್ಲಿ ಬಾ ಅಮ್ಮಿ” ಅಂದರೆ, “ಬ್ಯಾಡ ಬೇಟಿ, ನನ್ನ ಮೈಯಾಗೆಲ್ಲ ಭಟ್ಟಿ ಐತೆ. ಅಲ್ಲಿಂದ್ಲೇ ಮಾತಾಡು” ಅನ್ನುತ್ತಿದ್ದಳು.

ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಹಟಕ್ಕೆ ಬಿದ್ದು ಅವಳ ತೊಡೆಯ ಮೇಲೆ ತಲೆಯಿಟ್ಟೆ. ಸೀನು ಶುರುವಾಯಿತು. ಅವಳು ಮೆಲ್ಲಗೆ ನನ್ನ ತಲೆಯನ್ನು ದಿಂಬಿಗೆ ಸರಿಸಿ ಎದ್ದುಹೋದಳು.

ಕಳೆದ ಚಳಿಗಾಲದಲ್ಲಿ ಅಮ್ಮಿ ತೀರಿಕೊಂಡಳು. ಹರಿಹರದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಅವಳ ತಲೆಯ ಬಳಿ ಲೋಬಾನ್ ಉರಿಯುತ್ತಿರುತ್ತದೆ, ನಾನು ಬೀದಿಯಲ್ಲೇ ನಿಂತು ಕಳಿಸಿಕೊಡಬೇಕು. ಪಂಪು ಎಳೆದುಕೊಂಡು ಬಾಗಿಲಿಗೆ ಬಂದೆ. ಒಳಗೆ ಹೊಗೆಯೇ ಇರಲಿಲ್ಲ. ಹಿಂಗೂ ಉಂಟಾ ಎಂದು ಪಕ್ಕದ ಮನೆಯ ಮುದುಕಿ ಗೊಣಗುತ್ತಿದ್ದಳು.

“ಅಮ್ಮೀನೇ ಹೇಳಿದ್ಲು ಆಪಾ” ಎಂದಳು ತಂಗಿ. “ನಾ ಹೋದಾಗ ಲೋಬಾನ್ ಹಾಕಬ್ಯಾಡ್ರಿ, ದೊಡ್ಡಾಕಿ ಹತ್ರ ಬಂದು ಕೂಡ್ಲಿ ಅಂತ.”

ಕೂತೆ. ಮೀಯಿಸಿ ಕಫನ್ ಹೊದಿಸಿದ್ದರು. ಬಾಗಿ ಅವಳ ಕೆನ್ನೆಗೆ ಕೆನ್ನೆ ಇಟ್ಟೆ. ಎದೆ ಬಿಗಿಯಲಿಲ್ಲ, ಒಂದು ಸೀನೂ ಬರಲಿಲ್ಲ. ಭಟ್ಟಿಯ ವಾಸನೆಯನ್ನು ಪೂರ್ತಿ ತೊಳೆದುಬಿಟ್ಟಿದ್ದರು. ನನಗೆ ಅದೊಂದು ಬೇಕಿತ್ತು.